ಮಕ್ಕಳು ಪ್ರಾಜೆಕ್ಟ್ ಕಾಪಿ ಹೊಡೆದರೆ ಶಾಲೆ ಏನು ಮಾಡಬೇಕು? ಮೇಷ್ಟ್ರುಗಳಿಗೊಂದು ಸಮಗ್ರ ಮಾರ್ಗದರ್ಶಿ

ಕೆಆರ್‌ಎಸ್ ಅಣೆಕಟ್ಟಿನ ಬಗ್ಗೆ ಪ್ರಾಜೆಕ್ಟ್ ಬರ್ಕೊಂಡು ಬನ್ನಿ ಅಂತ ಒಂದು ವರ್ಷ ಒಂಬತ್ತನೇ ತರಗತಿಗೆ ಹೇಳಿದ್ದೆ. ಸೋಮವಾರ ಮೇಜಿನ ಮೇಲೆ ಮೂವತ್ತೆಂಟು ಪುಸ್ತಕ ಬಂದು ಕೂತವು. ಹೊರಗೆ ಮಿಂಚುವ ರಟ್ಟು, ಬಣ್ಣದ ಸ್ಕೆಚ್ ಪೆನ್ನಿನ ಬಾರ್ಡರ್ರು. ಒಳಗೆ ಹೋದರೆ ಎಲ್ಲದರಲ್ಲೂ ಅದೇ ಪ್ಯಾರಾ. ಒಬ್ಬ ಹುಡುಗನಂತೂ ವಿಕಿಪೀಡಿಯಾದಲ್ಲಿ ತಲೆಬರಹದ ಪಕ್ಕ ಇರುವ 'ಬದಲಾಯಿಸಿ' ಅನ್ನೋ ಪದವನ್ನೂ, ಸಾಲಿನ ಕೊನೆಗೆ ಚೌಕ ಕಂಸದಲ್ಲಿರುವ ಅಂಕಿಯನ್ನೂ ಬಿಡದೆ ದುಂಡಗೆ ಬರೆದು ಅಡಿಗೆರೆ ಎಳೆದಿದ್ದ. ಅವರಪ್ಪನ ಗದ್ದೆಗೆ ಹರಿಯೋದು ಅದೇ ಕಟ್ಟೆಯ ನೀರು. ಆ ಗದ್ದೆಯ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಅವತ್ತು ಹುಡುಗರ ಮೇಲೆ ರೇಗಿದೆ. ಈಗ ನೆನೆಸಿಕೊಂಡರೆ ಅರ್ಧ ಸಿಟ್ಟು ನನ್ನ ಮೇಲೇ ಬರಬೇಕಿತ್ತು ಅನ್ನಿಸುತ್ತೆ. 'ಕೆಆರ್‌ಎಸ್ ಬಗ್ಗೆ ಬರೆಯಿರಿ' ಅನ್ನುವ ಪ್ರಶ್ನೆಯೇ ನಾನು ಇನ್ಯಾರಿಂದಲೋ ಎತ್ತಿಕೊಂಡಿದ್ದು. ಎತ್ತಿದ ಪ್ರಶ್ನೆಗೆ ಎತ್ತಿದ ಉತ್ತರ ಬಂತು.

ಮಂಡ್ಯ ಜಿಲ್ಲೆಯ ಹಳ್ಳಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ, ಆಗಾಗ ಕನ್ನಡ ಕಲಿಸುತ್ತಾ ಬಂದಿರುವ ನನಗೆ ಗೊತ್ತಾದಷ್ಟನ್ನು, ಮಾಡಿ ಕೆಟ್ಟು ಕಲಿತದ್ದನ್ನು, ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ಮುಖ್ಯವಾಗಿ ಇದು ಎಂಟರಿಂದ ಹತ್ತನೇ ತರಗತಿಯ ಶಿಕ್ಷಕರಿಗೆ. ಕಾಲೇಜಿನವರಿಗೂ ಕೊನೆ ಕಡೆ ಒಂದೆರಡು ಮಾತಿದೆ.

ಹೆಜ್ಜೆ 1: ಯಾವುದನ್ನು ಏನಂತ ಕರೆಯಬೇಕು, ಮೊದಲು ಅದನ್ನು ಗಟ್ಟಿ ಮಾಡಿಕೊಳ್ಳಿ

ಸ್ಟಾಫ್ ರೂಮಿನಲ್ಲಿ ನಾವು ಎಲ್ಲದಕ್ಕೂ 'ಕಾಪಿ' ಅಂದುಬಿಡುತ್ತೇವೆ. ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡರೂ ಕಾಪಿ, ಪಕ್ಕದವಳ ಹೋಂವರ್ಕ್ ನೋಡಿ ಬರೆದರೂ ಕಾಪಿ, ಇಂಟರ್ನೆಟ್ಟಿಂದ ಭಟ್ಟಿ ಇಳಿಸಿದರೂ ಕಾಪಿ. ಹೆಸರು ಒಂದೇ ಆದರೆ ಶಿಕ್ಷೆಯೂ ಒಂದೇ ಆಗಿಬಿಡುತ್ತೆ. ತೊಂದರೆ ಶುರುವಾಗೋದು ಅಲ್ಲಿಂದ.

ಪರೀಕ್ಷಾ ಅಕ್ರಮಕ್ಕೆ ಬೇರೆಯೇ ಕಾನೂನಿದೆ, ಬೇರೆಯೇ ಅಧಿಕಾರಿಗಳಿದ್ದಾರೆ. ಅದನ್ನು ಇಲ್ಲಿ ಬಿಟ್ಟುಬಿಡೋಣ. ಕೃತಿಚೌರ್ಯ ಅಂದರೆ ಇನ್ನೊಬ್ಬರ ಬರಹವನ್ನೋ ಯೋಚನೆಯನ್ನೋ ಚಿತ್ರವನ್ನೋ ತಗೊಂಡು, ಅವರ ಹೆಸರು ಹೇಳದೆ, ನಂದು ಅಂತ ಕೊಡೋದು. ಹಕ್ಕುಸ್ವಾಮ್ಯದ ಮಾತು ಮತ್ತೊಂದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಅವರ ಬರಹದ ಹಕ್ಕು ವಾರಸುದಾರರಿಗೆ ಇರುತ್ತೆ. ಪಂಪನ ಪದ್ಯಕ್ಕೆ ಆ ಹಕ್ಕು ಯಾವುದೂ ಇಲ್ಲ, ಯಾರು ಬೇಕಾದರೂ ಅಚ್ಚು ಹಾಕಬಹುದು. ಆದರೆ ಪಂಪನ ಪದ್ಯ ಬರೆದು ಕೆಳಗೆ ನನ್ನ ಹೆಸರು ಹಾಕಿದರೆ ಅದು ಕೃತಿಚೌರ್ಯವೇ. ಎರಡನ್ನೂ ಕಲಸಿಕೊಂಡು 'ಇಂಟರ್ನೆಟ್ಟಲ್ಲಿ ಫ್ರೀ ಇದೆಯಲ್ಲ ಸಾರ್' ಅಂತ ಮಕ್ಕಳು ಕೇಳುತ್ತಾರೆ. ಉತ್ತರ ನಮ್ಮ ಬಾಯಲ್ಲಿ ರೆಡಿ ಇರಬೇಕು.

ಶಾಲೆಯ ಮಟ್ಟದಲ್ಲಿ ನಾನು ಕಂಡ ಬಗೆಗಳು ಇಷ್ಟು. ಇದ್ದಂಗೇ ಇಳಿಸೋದು. ಅಲ್ಲಲ್ಲಿ ಪದ ಬದಲಿಸಿ ಇಳಿಸೋದು. ನಾಲ್ಕು ಕಡೆಯಿಂದ ನಾಲ್ಕು ಪ್ಯಾರಾ ತಂದು ಹೊಲಿಯೋದು, ನಮ್ಮ ಕೌದಿ ಹೊಲಿದ ಹಾಗೆ. ಗೆಳೆಯನದ್ದನ್ನು ನೋಡಿ ಬರೆಯೋದು. ಜೆರಾಕ್ಸ್ ಅಂಗಡಿಯಿಂದ ರೆಡಿ ಪ್ರಾಜೆಕ್ಟ್ ಕೊಳ್ಳೋದು. ಅಪ್ಪನೋ ಅಕ್ಕನೋ ಬರೆದುಕೊಡೋದು. ಈಗ ಹೊಸದಾಗಿ, ಮೊಬೈಲಲ್ಲಿ ಚಾಟ್‌ಜಿಪಿಟಿಗೆ ಕೇಳಿ ಬಂದದ್ದನ್ನು ಹಾಗೇ ಇಳಿಸೋದು. ಈ ಕೊನೆಯದು ಬಂದ ಮೇಲೆ ಜೆರಾಕ್ಸ್ ಅಂಗಡಿಯವರ ವ್ಯಾಪಾರ ಕುಸಿದಿರಬೇಕು, ಪಾಪ.

ಇದರಲ್ಲಿ ಮೋಸ ಮಾಡುವ ಉದ್ದೇಶ ಇರೋದು ಕಡಿಮೆ. ಬಹುಪಾಲು ಮಕ್ಕಳಿಗೆ ಅದು ತಪ್ಪು ಅಂತಲೇ ಗೊತ್ತಿರಲ್ಲ. ಯಾಕೆ ಗೊತ್ತಿರಲ್ಲ ಅನ್ನೋದಕ್ಕೆ ಮುಂದಿನ ಹೆಜ್ಜೆ.

ಹೆಜ್ಜೆ 2: ಸ್ಟಾಫ್ ರೂಮಿನಿಂದ ಶುರು ಮಾಡಿ

ಒಂದನೇ ತರಗತಿಯಿಂದ ಬೋರ್ಡ್ ಮೇಲಿನದ್ದನ್ನು ಇದ್ದಂಗೇ ಬರೆದುಕೊಂಡವನಿಗೆ 'ಗುಡ್' ಹಾಕಿದ್ದೇವೆ. ನೋಟ್ಸ್ ಡಿಕ್ಟೇಟ್ ಮಾಡಿದ್ದೇವೆ, ಒಂದು ಪದ ಆಚೀಚೆ ಆದರೆ ಕೆಂಪು ಗೆರೆ ಎಳೆದಿದ್ದೇವೆ. ಪ್ರತಿಭಾ ಕಾರಂಜಿಗೆ ಭಾಷಣ ನಾವು ಬರೆದುಕೊಟ್ಟು, ಮಗುವಿನ ಕೈಲಿ ಉರು ಹೊಡೆಸಿ, ಗೆದ್ದಾಗ 'ನಮ್ಮ ಶಾಲೆ ಪ್ರತಿಭೆ' ಅಂತ ಫೋಟೊ ಹಾಕಿದ್ದೇವೆ. ಒಂಬತ್ತನೇ ಕ್ಲಾಸಿಗೆ ಬಂದ ಕೂಡಲೇ 'ಸ್ವಂತ ಬರಿ' ಅಂದರೆ ಅವನಿಗೆ ಅದು ಬೇರೆ ದೇಶದ ಭಾಷೆ.

ನಮ್ಮ ಪಾಠ ಯೋಜನೆಯ ಕಥೆ ಏನು ಕಮ್ಮಿ? ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಂದ ಪಿಡಿಎಫ್‌ಗೆ ಶಾಲೆಯ ಹೆಸರು ತಿದ್ದಿ, ಸೀಲು ಒತ್ತಿ, ಇನ್‌ಸ್ಪೆಕ್ಷನ್‌ಗೆ ತೋರಿಸಿದವರಲ್ಲಿ ನಾನೂ ಒಬ್ಬ.

ಹಾಗಾಗಿ ಜೂನ್ ತಿಂಗಳಲ್ಲಿ ಒಂದು ಸಭೆ ಕರೆಯಿರಿ. ಮುಖ್ಯ ಶಿಕ್ಷಕರು ಕೂರಲಿ, ಎಲ್ಲ ವಿಷಯದವರೂ ಬರಲಿ. ಒಂದೇ ಒಂದು ಹಾಳೆಯಲ್ಲಿ ಶಾಲೆಯ ನಿಯಮ ಬರೆಯಿರಿ. ಯಾವ ಕೆಲಸದಲ್ಲಿ ಗೆಳೆಯರ ಸಹಾಯ ಪಡೆಯಬಹುದು, ಯಾವುದರಲ್ಲಿ ಕೂಡದು, ಎಲ್ಲಿಂದ ತಗೊಂಡೆ ಅಂತ ಹೇಗೆ ಬರೆಯಬೇಕು, ಮೊದಲ ಸಲ ತಪ್ಪಾದರೆ ಏನು, ಎರಡನೇ ಸಲ ಏನು. ಇಷ್ಟೇ. ಕನ್ನಡ ಮೇಷ್ಟ್ರು ಬೈದು ಬಿಡೋದು, ವಿಜ್ಞಾನದ ಮಿಸ್ ಸೊನ್ನೆ ಹಾಕೋದು, ಹಿಂದಿಯವರು ನೋಡದೇ ಸಹಿ ಮಾಡೋದು ಆದರೆ ಮಕ್ಕಳು ಕಲಿಯೋದು 'ಯಾರ ಹತ್ತಿರ ಏನು ನಡೆಯುತ್ತೆ' ಅನ್ನೋದನ್ನು ಮಾತ್ರ. ಆ ಹಾಳೆಯನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೂ ಒಮ್ಮೆ ಓದಿ ಹೇಳಿ. ಮುಂದೆ ಯಾರಾದರೂ ಪೋಷಕರು ಜಗಳಕ್ಕೆ ಬಂದಾಗ ಅದು ಕೈ ಹಿಡಿಯುತ್ತೆ.

ಹೆಜ್ಜೆ 3: ಪ್ರಶ್ನೆಯನ್ನು ನಿಮ್ಮೂರಿಗೆ ಕಟ್ಟಿ ಹಾಕಿ

ಈ ಇಡೀ ಬರಹದಲ್ಲಿ ಒಂದೇ ಹೆಜ್ಜೆ ಮಾಡೋಕೆ ಸಮಯ ಇದೆ ಅನ್ನುವವರು ಇದನ್ನು ಮಾಡಿ. ಭಟ್ಟಿ ಇಳಿಸೋಕೆ ಆಗದ ಪ್ರಶ್ನೆ ಕೊಟ್ಟರೆ ಉಳಿದ ತಲೆನೋವಿನಲ್ಲಿ ಮುಕ್ಕಾಲು ಪಾಲು ಬರೋದೇ ಇಲ್ಲ.

ಕೆಆರ್‌ಎಸ್‌ನ್ನೇ ತಗೊಳ್ಳಿ. ಕಾಮಗಾರಿ ಶುರುವಾದದ್ದು 1911ರಲ್ಲಿ. ಮುಗಿದದ್ದು ಯಾವಾಗ? ಕೆಲವು ಪುಸ್ತಕ 1931 ಅನ್ನುತ್ತೆ, ಕೆಲವು 1932 ಅನ್ನುತ್ತೆ. ವಿಶ್ವೇಶ್ವರಯ್ಯನವರು ಕಟ್ಟಿಸಿದರು ಅಂತ ಎಲ್ಲರೂ ಬರೆಯುತ್ತಾರೆ, ಆದರೆ ಅವರು ದಿವಾನಗಿರಿ ಬಿಟ್ಟದ್ದು 1918ರಲ್ಲೇ. ಹಾಗಾದರೆ ಆಮೇಲಿನ ಹನ್ನೆರಡು ಹದಿಮೂರು ವರ್ಷ ಕಟ್ಟಿದವರು ಯಾರು? 'ಮೂರು ಕಡೆ ನೋಡಿ, ಮೂರರಲ್ಲೂ ಇಸವಿ ಒಂದೇ ಇದೆಯಾ ಬರಿ, ಇಲ್ಲದಿದ್ದರೆ ನೀನು ಯಾವುದನ್ನು ಒಪ್ಪುತ್ತೀಯ, ಯಾಕೆ' ಅಂತ ಕೇಳಿ ನೋಡಿ. ಈ ಪ್ರಶ್ನೆಯಲ್ಲಿ ಮಗು ಆಕರ ಹೇಳದೆ ತಪ್ಪಿಸಿಕೊಳ್ಳೋಕೇ ಆಗಲ್ಲ. ಎಲ್ಲಿಂದ ತಗೊಂಡೆ ಅನ್ನೋದೇ ಉತ್ತರ.

ಇನ್ನೊಂದು ದಾರಿ, ಮನೆಯೊಳಗಿನ ಜ್ಞಾನ ಕೇಳೋದು. ಕೆಆರ್‌ಎಸ್ ನೀರು ಹರಿಯುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆಭಾಗದ ಊರುಗಳಲ್ಲಿ ನೀರಿನ ಸರದಿ ಅಂದರೆ ಏನು ಅಂತ ಎಂಟನೇ ಕ್ಲಾಸಿನ ಹುಡುಗಿಗೂ ಗೊತ್ತು. ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿ ಮೇಲೆ, ನೀರು ಬಿಟ್ಟಾಗ ನಿಮ್ಮ ಗದ್ದೆಗೆ ಎಷ್ಟು ದಿನಕ್ಕೆ ಬರುತ್ತೆ, ರಾತ್ರಿ ಸರದಿ ಬಂದರೆ ಯಾರು ಹೋಗುತ್ತಾರೆ, ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಯಾರು ಅಂತ ಕೇಳಿ. ಗೂಗಲ್‌ಗೆ ಅದು ಗೊತ್ತಿಲ್ಲ, ಗೈಡಿಗೂ ಗೊತ್ತಿಲ್ಲ. ಅವರಪ್ಪನಿಗೆ ಗೊತ್ತು.

ನಾನು ಬದಲಿಸಿಕೊಂಡ ಕೆಲವು ಪ್ರಶ್ನೆಗಳು, ಬೇಕಾದರೆ ಎತ್ತಿಕೊಳ್ಳಿ:

'ಮೈಸೂರು ದಸರಾ ಪ್ರಬಂಧ' ಬದಲು: ಜಂಬೂ ಸವಾರಿಯನ್ನು ನೀನು ಎಲ್ಲಿ ನಿಂತು, ಅಥವಾ ಯಾರ ಮನೆ ಟಿವಿಯಲ್ಲಿ ನೋಡಿದೆ? ಅಲ್ಲಿಂದ ಏನು ಕಾಣಿಸಿತು, ಏನು ಕಾಣಿಸಲಿಲ್ಲ? (ಹಳೇ ಪ್ರಶ್ನೆಗೆ 'ಅಂಬಾರಿಯ ತೂಕ 750 ಕೆ.ಜಿ.' ಅನ್ನುವ ಸಾಲು ಪ್ರತಿ ಪುಸ್ತಕದಲ್ಲೂ ಬರುತ್ತೆ. ಓದಿ ಓದಿ ಅಂಬಾರಿ ನನ್ನ ತಲೆ ಮೇಲೇ ಕೂತ ಹಾಗಾಗಿತ್ತು.)

'ಕಬ್ಬು ಬೆಳೆ' ಬದಲು: ನಿಮ್ಮೂರಿನ ಹತ್ತಿರದ ಆಲೆಮನೆಗೆ ಹೋಗಿ, ಪಾಕದ ಹದ ಹೇಗೆ ಗೊತ್ತಾಗುತ್ತೆ ಅಂತ ಕೇಳಿಕೊಂಡು ಬಾ. ಅವರು ಹೇಳಿದ ಮಾತನ್ನು ಅವರು ಹೇಳಿದ ಹಾಗೇ ಬರಿ, ಅವರ ಹೆಸರು ಹಾಕು.

'ಸ್ವಾತಂತ್ರ್ಯ ಹೋರಾಟದಲ್ಲಿ ಕರ್ನಾಟಕ' ಬದಲು: 1938ರಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅಲ್ಲಿರುವ ಸತ್ಯಾಗ್ರಹ ಸೌಧ ನೋಡಿ ಬಂದು, ಪಾಠದ ಪುಸ್ತಕದಲ್ಲಿ ಇಲ್ಲದ ಒಂದು ವಿಷಯ ಹೇಳು.

'ಪಕ್ಷಿಗಳ ಸಂರಕ್ಷಣೆ' ಬದಲು: ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಊರೊಳಗಿನ ಮರದಲ್ಲೇ ಗೂಡು ಕಟ್ಟುತ್ತವೆ. ನಿಮ್ಮ ಬೀದಿ ಮರದಲ್ಲಿ ಕಟ್ಟಿದರೆ ನಿಮ್ಮ ಮನೆಯವರು ಏನನ್ನುತ್ತಾರೆ, ಕೇಳಿ ಬರಿ.

ಈ ಕೊನೆಯ ಪ್ರಶ್ನೆಗೆ ಒಬ್ಬಳು 'ನಮ್ಮಜ್ಜಿ ಪಿಕ್ಕೆ ಯಾರು ಬಾಚೋದು ಅಂದ್ರು' ಅಂತ ಬರೆದಿದ್ದಳು (ಪಿಕ್ಕೆ ಅಂದರೆ ಹಕ್ಕಿಯ ಹಿಕ್ಕೆ). ಒಂದೇ ಸಾಲು, ಆದರೆ ಅದು ಆ ಅಜ್ಜಿಯದು, ಅವಳ ಮನೆಯದು.

ಎರಡು ಎಚ್ಚರಿಕೆ. ಒಂದು, ಇಂಥ ಪ್ರಶ್ನೆಗೆ ಉತ್ತರ ಚಿಕ್ಕದಿರುತ್ತೆ, ಕಾಗುಣಿತ ತಪ್ಪಿರುತ್ತೆ, ರಟ್ಟು ಮಿಂಚಲ್ಲ. ಆಗ ಅಂದಕ್ಕೆ ಅಂಕ ಕೊಡುವ ನಮ್ಮ ಚಟ ಬಿಡಬೇಕು. ಎರಡು, ಕೆಲಸವನ್ನು ತುಂಡು ಮಾಡಿ. ಮೊದಲ ವಾರ ಯಾರನ್ನು ಕೇಳುತ್ತೀಯ ಅಂತ ಹೇಳಲಿ, ಎರಡನೇ ವಾರ ಕಚ್ಚಾ ಬರಹ ತೋರಿಸಲಿ, ಮೂರನೇ ವಾರ ಪಕ್ಕಾ ಪ್ರತಿ. ಭಾನುವಾರ ರಾತ್ರಿ ಒಂಬತ್ತಕ್ಕೆ ನೆನಪಾಗುವ ಪ್ರಾಜೆಕ್ಟ್ ಮಾತ್ರ ಕಾಪಿ ಆಗೋದು.

ಹೆಜ್ಜೆ 4: ಹೆಸರು ಹೇಳೋದನ್ನು ಪಾಠವಾಗಿ ಕಲಿಸಿ

'ಕಾಪಿ ಮಾಡಬೇಡಿ' ಅಂತ ಹತ್ತು ಸಲ ಹೇಳುತ್ತೇವೆ, ತಗೊಂಡದ್ದನ್ನು ಹೇಗೆ ಹೇಳಬೇಕು ಅಂತ ಒಂದು ಸಲವೂ ತೋರಿಸಲ್ಲ. ನನಗೆ ಇದಕ್ಕೆ ಸುಲಭದ ದಾರಿ ಸಿಕ್ಕಿದ್ದು ಕನ್ನಡ ಪಾಠದಲ್ಲೇ: ಅಂಕಿತ. ವಚನದ ಕೊನೆಗೆ ಕೂಡಲಸಂಗಮದೇವ ಅಂತ ಬಂದರೆ ಅದು ಬಸವಣ್ಣನವರದ್ದು, ಚೆನ್ನಮಲ್ಲಿಕಾರ್ಜುನ ಅಂತ ಬಂದರೆ ಅಕ್ಕಮಹಾದೇವಿಯದ್ದು. ಪುರಂದರವಿಠಲ ಅಂತ ಬಂದರೆ ಹಾಡು ಯಾರದು ಅಂತ ಹರಿಕಥೆ ಕೇಳೋ ಮುದುಕರಿಗೂ ಗೊತ್ತು. ಬೋರ್ಡ್ ಮೇಲೆ ಒಂದು ವಚನ ಬರೆದು, ಅಂಕಿತ ಅಳಿಸಿ, ಕ್ಲಾಸಿನ ತುಂಟನೊಬ್ಬನ ಹೆಸರು ಹಾಕಿ. ಇಡೀ ಕ್ಲಾಸು ನಗುತ್ತೆ. 'ಯಾಕೆ ನಗ್ತೀರಿ?' ಅಂತ ಕೇಳಿ. ಉತ್ತರ ಅವರೇ ಹೇಳುತ್ತಾರೆ.

ಆಮೇಲೆ ವಯಸ್ಸಿಗೆ ತಕ್ಕ ಹಾಗೆ ರೂಢಿ ಮಾಡಿಸಿ. ಐದು, ಆರನೇ ತರಗತಿಗೆ 'ಇದನ್ನು ನನಗೆ ಹೇಳಿದ್ದು ನಮ್ಮ ತಾತ', 'ಈ ಚಿತ್ರ ಪೇಪರಿನಿಂದ ಕತ್ತರಿಸಿದ್ದು' ಅನ್ನುವಷ್ಟು ಸಾಕು. ಎಂಟಕ್ಕೆ ಬಂದಾಗ ಪುಸ್ತಕದ ಹೆಸರು, ಬರೆದವರ ಹೆಸರು, ಪುಟ. ಹತ್ತಕ್ಕೆ ಜಾಲತಾಣದ ಹೆಸರು ಮತ್ತು ನೋಡಿದ ದಿನ. 'ಆಕರ: ಗೂಗಲ್' ಅಂತ ಬರೆದರೆ ಒಪ್ಪಬೇಡಿ. ಅದು 'ತರಕಾರಿ ಎಲ್ಲಿ ಬೆಳೆದದ್ದು' ಅಂದರೆ 'ಸಂತೆಯಲ್ಲಿ' ಅಂದ ಹಾಗೆ.

ಸ್ವಂತ ಮಾತಲ್ಲಿ ಬರೆಯೋದನ್ನು ಕಲಿಸೋಕೆ ಒಂದು ಅಭ್ಯಾಸ. ಅರ್ಧ ಪುಟದ ಗದ್ಯ ಕೊಡಿ, ಎರಡು ಸಲ ಓದಲಿ. ಪುಸ್ತಕ ಮುಚ್ಚಿಸಿ. ಪಕ್ಕದವನಿಗೆ ಮನೆ ಭಾಷೆಯಲ್ಲಿ ಹೇಳಲಿ, 'ಅದೇನಪ್ಪಾ ಅಂದ್ರೆ...' ಅಂತ. ಪಕ್ಕದವನು ಕೇಳಿದ್ದನ್ನು ಬರೆಯಲಿ. ಆಮೇಲೆ ಪುಸ್ತಕ ತೆಗೆದು ತಪ್ಪು ಒಪ್ಪು ನೋಡಲಿ. ನಲವತ್ತು ನಿಮಿಷದ ಒಂದು ಪೀರಿಯಡ್ ಸಾಕು. ಬರಹದಲ್ಲಿ 'ಬತ್ತದೆ', 'ಒಯ್ತದೆ' ಅಂತ ನುಸುಳಿದರೆ ಮೊದಲ ಸಲಕ್ಕೆ ಬಿಟ್ಟುಬಿಡಿ. ನಮ್ಮ ಮಂಡ್ಯದ ಮಕ್ಕಳು ಪುಸ್ತಕದ ಕನ್ನಡಕ್ಕೆ ಹೆದರಿಯೇ ಅರ್ಧ ಕಾಪಿ ಮಾಡೋದು. ತನ್ನ ಮಾತು ಬರಹಕ್ಕೆ ಲಾಯಕ್ಕಿಲ್ಲ ಅಂತ ನಂಬಿದವನು ಇನ್ನೊಬ್ಬರ ಮಾತನ್ನೇ ತರಬೇಕಲ್ಲ.

ಹೆಜ್ಜೆ 5: ಅನುಮಾನ ಬಂದಾಗ ಹೇಗೆ ನೋಡಬೇಕು

ಕಣ್ಣಿಗೇ ಕಾಣುವ ಗುರುತುಗಳಿವೆ. ಹ-ಅ ಗಲಿಬಿಲಿ ಮಾಡಿಕೊಂಡು 'ಆಲು ಕುಡಿದೆ' ಅಂತ ಬರೆಯುವ ಹುಡುಗ ಇದ್ದಕ್ಕಿದ್ದಂತೆ 'ಬಹುಮುಖಿ ಆಯಾಮ' ಅಂತ ಬರೆಯೋದು. ನಡುವೆ ಶೈಲಿ ಮುರಿಯೋದು. ಇಬ್ಬರ ಪುಸ್ತಕದಲ್ಲಿ ಒಂದೇ ತಪ್ಪು. ಸರಿ ಉತ್ತರ ಹತ್ತು ಜನಕ್ಕೆ ಒಂದೇ ಇರಬಹುದು, ಒಂದೇ ಬಗೆಯ ತಪ್ಪು ಹತ್ತು ಜನಕ್ಕೆ ತಾನಾಗಿ ಬರಲ್ಲ.

ಪರೀಕ್ಷಿಸೋಕೆ, ಅನುಮಾನದ ಸಾಲಿನಿಂದ ಎಂಟು ಹತ್ತು ಪದ ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ. ಚಿಹ್ನೆ ಹಾಕಿದರೆ ಪದಗಳು ಅದೇ ಸಾಲಾಗಿ ಇರುವ ಪುಟಗಳೇ ಮುಂದೆ ಬರುತ್ತವೆ. ಸಿಗದಿದ್ದರೆ ಒಂದೆರಡು ಪದ ಬಿಟ್ಟು ಮತ್ತೆ ನೋಡಿ. ಕನ್ನಡದಲ್ಲಿ ಒಂದು ವಿಭಕ್ತಿ ಬದಲಾದರೂ ಪದವೇ ಬೇರೆ ಆಗುತ್ತೆ, ಮಂಡ್ಯ, ಮಂಡ್ಯದ, ಮಂಡ್ಯಕ್ಕೆ. ಯಂತ್ರ ಅದರಲ್ಲೇ ಎಡವುತ್ತೆ.

ಕಂಪ್ಯೂಟರಲ್ಲಿ ಟೈಪ್ ಮಾಡಿ ಕೊಟ್ಟದ್ದಾದರೆ ಒಂದು ಗಮ್ಮತ್ತಿದೆ. 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ ಇದ್ದರೆ ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಸಾಮ್ಯತೆ ನೋಡುವ ತಂತ್ರಾಂಶಕ್ಕೆ ಹಾಕಿದರೆ 'ಎಲ್ಲ ಸ್ವಂತದ್ದೇ' ಅನ್ನುತ್ತೆ. ಯಂತ್ರಕ್ಕೂ ಕನ್ನಡ ಅಂತ ಗೊತ್ತಾಗುವ ಯುನಿಕೋಡ್‌ಗೆ ಪರಿವರ್ತಿಸಿ ಆಮೇಲೆ ನೋಡಿ. ಕಾಲೇಜು, ವಿಶ್ವವಿದ್ಯಾಲಯದ ಕನ್ನಡ ವಿಭಾಗದವರಿಗೂ ಈ ಮಾತು ಅನ್ವಯ.

ಎಐ ಬರೆದದ್ದನ್ನು ಹಿಡಿಯುತ್ತೇವೆ ಅನ್ನುವ ತಾಣಗಳನ್ನು ನಂಬಿ ಮಗುವಿಗೆ ಶಿಕ್ಷೆ ಕೊಡಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು, ನಿಖರತೆ ಸಾಲದು ಅಂತ, 2023ರ ಜುಲೈನಲ್ಲಿ ವಾಪಸ್ ತಗೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, ಇಂಗ್ಲಿಷ್ ಮನೆಮಾತಲ್ಲದ ವಿದ್ಯಾರ್ಥಿಗಳು ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ತಾವೇ ಬರೆದ ಪ್ರಬಂಧಗಳನ್ನು ಇಂಥ ಸಾಧನಗಳಿಗೆ ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳನ್ನು ಅವು ಯಂತ್ರದ ಬರಹ ಅಂದವು. ನಮ್ಮ ಇಂಗ್ಲಿಷ್ ಮೀಡಿಯಂ ಮಕ್ಕಳು ಬರೆಯೋದೂ ಆ ಬಗೆಯ ಇಂಗ್ಲಿಷೇ ತಾನೆ.

ಅದಕ್ಕಿಂತ ನಂಬಿಕೆಯ ಸಾಧನ ಮಗುವಿನ ಕಚ್ಚಾ ಪುಸ್ತಕ. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ಹಳೇ ಆವೃತ್ತಿಗಳ ಇತಿಹಾಸ ತೆಗೆದು ನೋಡಬಹುದು. ಹಂತ ಹಂತವಾಗಿ ಬೆಳೆದಿದೆಯೋ, ಒಂದೇ ಏಟಿಗೆ ಬಂದು ಕೂತಿದೆಯೋ ಗೊತ್ತಾಗುತ್ತೆ.

ಹೆಜ್ಜೆ 6: ಮಾತಾಡಿ, ಒಬ್ಬರನ್ನೇ ಕರೆದು

ಇಲ್ಲಿ ನಾನು ಮಾಡಿದ ತಪ್ಪು ಹೇಳಬೇಕು. ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಒಬ್ಬ ಹುಡುಗಿ ಆಲೆಮನೆಯ ಬಗ್ಗೆ ಎರಡು ಪುಟ ಬರೆದಿದ್ದಳು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಕೊಳೆಯನ್ನು ಜಾಲರಿಯಲ್ಲಿ ತೆಗೆಯೋದನ್ನು, ರಾತ್ರಿ ಗಾಣದ ಸದ್ದು ನಿಂತಾಗ ಊರಿಗೇ ಎಚ್ಚರ ಆಗೋದನ್ನು. ಅವಳು ಕ್ಲಾಸಲ್ಲಿ ಬಾಯಿ ಬಿಡದ ಹುಡುಗಿ. ಇಷ್ಟು ಚೆನ್ನಾಗಿ ಇವಳು ಬರೆಯಲಾರಳು ಅಂದುಕೊಂಡು, ಎಲ್ಲರ ಮುಂದೆ ಎಬ್ಬಿಸಿ 'ಯಾವ ಪುಸ್ತಕದಿಂದ ಇಳಿಸಿದೆಯಮ್ಮ?' ಅಂದೆ. ಹುಡುಗರು ನಕ್ಕರು. ಅವಳು ತಲೆ ತಗ್ಗಿಸಿದಳು, ಏನೂ ಹೇಳಲಿಲ್ಲ. ಒಂದು ವಾರ ಆದಮೇಲೆ ಅವರಮ್ಮ ಸಿಕ್ಕಿದಾಗ ಗೊತ್ತಾಯಿತು, ಅವರಪ್ಪ ಆಲೆಮನೆಯಲ್ಲೇ ಕೂಲಿ, ಇವಳು ರಜೆಯಲ್ಲಿ ಅಲ್ಲೇ ಅಚ್ಚಿಗೆ ಬೆಲ್ಲ ಸುರಿಯುತ್ತಾ ಬೆಳೆದವಳು. ಕ್ಷಮೆ ಕೇಳಿದೆ, ಅದೂ ಎಲ್ಲರ ಮುಂದೆಯೇ. ಆದರೆ ಆಮೇಲೆ ವರ್ಷ ಪೂರ್ತಿ ಅವಳು ಕೊಟ್ಟ ಬರಹವೆಲ್ಲ ಗೈಡಿನ ಸಾಲುಗಳು. ಗೈಡಿನದ್ದಕ್ಕೆ ಯಾರೂ ಎಬ್ಬಿಸಿ ಕೇಳಲ್ಲವಲ್ಲ.

ಹಾಗಾಗಿ ಕ್ರಮ ಹೀಗಿರಲಿ. ಒಬ್ಬರನ್ನೇ ಕರೆಯಿರಿ, ಊಟದ ಬಿಡುವಿನಲ್ಲಿ, ಬಾಗಿಲು ತೆರೆದ ಕೋಣೆಯಲ್ಲಿ. ಕೂರಿಸಿ. ಕದ್ದೆಯಾ ಅನ್ನುವ ಪದ ಬಾಯಿಗೆ ಬರಬಾರದು. ಬರಹದ ಬಗ್ಗೆಯೇ ಕೇಳಿ.

'ಈ ಸಾಲು ಚೆನ್ನಾಗಿದೆ ಕಣೋ. ಇದನ್ನ ಸ್ವಲ್ಪ ಬಿಡಿಸಿ ಹೇಳು.'

'ಸುರ್ಕಿ ಗಾರೆ ಅಂತ ಬರ್ದಿದ್ದೀಯ. ಅದೇನು ಅಂತ ಯಾರನ್ನಾದ್ರೂ ಕೇಳ್ದಾ?'

'ಇದನ್ನ ಬರೆಯೋಕೆ ಕೂತಾಗ ಮೊದಲು ಏನ್ ಮಾಡ್ದೆ?'

ಸ್ವಂತ ಬರೆದವನು ಬರೆದದ್ದಕ್ಕಿಂತ ಜಾಸ್ತಿ ಹೇಳುತ್ತಾನೆ. ಇಳಿಸಿದವನು ಮೂರನೇ ಪ್ರಶ್ನೆಗೆ 'ಸಾರ್, ಅದು... ನಮ್ಮಕ್ಕನ ಫೋನಲ್ಲಿ...' ಅಂತ ತಾನೇ ಶುರು ಮಾಡುತ್ತಾನೆ. ಅಲ್ಲಿಗೆ ನಿಲ್ಲಿಸಿ. ಒಪ್ಪಿಕೊಂಡವನ ಮೇಲೆ ಇನ್ನೂ ಹತ್ತು ನಿಮಿಷ ಭಾಷಣ ಬೇಡ. 'ಯಾಕೆ?' ಅಂತ ಮಾತ್ರ ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಳ್ಳಿ. ಪ್ರಶ್ನೆಯೇ ಅರ್ಥ ಆಗಿರಲಿಲ್ಲ, ಮನೆಯಲ್ಲಿ ಹಸು ಕರು ಹಾಕಿತ್ತು, ಅಪ್ಪ ಆಸ್ಪತ್ರೆಯಲ್ಲಿದ್ದ, ಎಲ್ಲ ವಿಷಯದವರೂ ಒಂದೇ ವಾರದಲ್ಲಿ ಪ್ರಾಜೆಕ್ಟ್ ಕೇಳಿದ್ದರು. ಕೊನೆಯದು ನಮ್ಮ ತಪ್ಪು, ಸ್ಟಾಫ್ ಮೀಟಿಂಗಿನಲ್ಲಿ ಸರಿ ಮಾಡಿ.

ಹೆಜ್ಜೆ 7: ಏನು ಮಾಡಬೇಕು, ಎಷ್ಟು ಮಾಡಬೇಕು

ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ, ಪ್ರಥಮ ಭಾಷೆಗೆ 25. ಪ್ರಾಜೆಕ್ಟು, ಚಟುವಟಿಕೆಗಳ ತೂಕ ಬಂದು ಸೇರೋದು ಅಲ್ಲಿಗೇ. ಸೊನ್ನೆ ಹಾಕಿದರೆ ಮಗುವಿಗೆ ಆಗುವ ಪೆಟ್ಟಿಗೂ ಅದು ಕಲಿಯುವ ಪಾಠಕ್ಕೂ ಹೊಂದಾಣಿಕೆ ಇಲ್ಲ. ನಾನು ಪಾಲಿಸುವ ಮೆಟ್ಟಿಲು ಇದು.

ಎಂಟನೇ ತರಗತಿ ಮತ್ತು ಅದರ ಕೆಳಗೆ ಅಂಕ ಕಡಿತವೇ ಬೇಡ. ಮತ್ತೆ ಬರೆಸಿ, ಹೇಗೆ ಬರೆಯೋದು ಅಂತ ಪಕ್ಕದಲ್ಲಿ ಕೂತು ತೋರಿಸಿ.

ಒಂಬತ್ತು, ಹತ್ತಕ್ಕೆ ಮೊದಲ ಸಲ ಆದರೆ ಶಾಲೆಯಲ್ಲೇ ಒಂದು ಪೀರಿಯಡ್ ಕೂತು, ಪುಸ್ತಕ ಮುಚ್ಚಿ, ಅದೇ ವಿಷಯ ಸ್ವಂತ ಮಾತಲ್ಲಿ ಬರೆಯಲಿ. ಚೆನ್ನಾಗಿ ಬರೆದರೆ ಪೂರ್ತಿ ಅಂಕ ಕೊಡಿ. ಕೆಲವು ಸಹೋದ್ಯೋಗಿಗಳು ಇದನ್ನು ಒಪ್ಪಲ್ಲ, 'ಮತ್ತೆ ಪ್ರಾಮಾಣಿಕವಾಗಿ ಬರೆದೋರಿಗೇನು?' ಅನ್ನುತ್ತಾರೆ. ಅವರು ಹೇಳೋದರಲ್ಲೂ ನ್ಯಾಯ ಇದೆ. ಆದರೆ ಕಲಿಸದೇ ಇದ್ದದ್ದಕ್ಕೆ ಮೊದಲ ಸಲವೇ ಅಂಕ ಕೀಳೋದು ನನ್ನ ಕೈಲಾಗಲ್ಲ.

ಎರಡನೇ ಸಲ ಆದರೆ ಪೋಷಕರನ್ನು ಕರೆಸಿ, ಮತ್ತೆ ಬರೆಸಿ, ಆ ಚಟುವಟಿಕೆಯ ಅರ್ಧ ಅಂಕಕ್ಕೆ ಮಾತ್ರ ಪರಿಗಣಿಸಿ. ಮೂರನೇ ಸಲ ವಿಷಯ ಮುಖ್ಯ ಶಿಕ್ಷಕರ ಹತ್ತಿರ ಹೋಗಲಿ, ಆ ವರ್ಷ ಉಳಿದ ಚಟುವಟಿಕೆಗಳಿಗೆ ಬರಹದ ಜೊತೆ ಬಾಯಿಮಾತಿನ ಪರೀಕ್ಷೆಯೂ ಇರಲಿ. ಮೂರನೇ ಮೆಟ್ಟಿಲು ಹತ್ತಿದವರನ್ನು ನಾನು ಒಬ್ಬರೋ ಇಬ್ಬರೋ ನೋಡಿರಬೇಕು.

ತನ್ನ ಪುಸ್ತಕ ಕೊಟ್ಟವನಿಗೂ ಅದೇ ಶಿಕ್ಷೆಯಾ? ಬೇಡ. ನಮ್ಮ ಕಡೆ ಕೇಳಿದರೆ ಇಲ್ಲ ಅನ್ನೋದು ದೊಡ್ಡ ತಪ್ಪು ಅಂತ ಮಕ್ಕಳನ್ನು ಬೆಳೆಸಿರುತ್ತಾರೆ. 'ಪುಸ್ತಕ ಕೊಡಬೇಡ, ಪಕ್ಕ ಕೂರಿಸ್ಕೊಂಡು ಹೇಳ್ಕೊಡು' ಅಂತ ದಾರಿ ತೋರಿಸಿ ಬಿಡಿ. ದುಡ್ಡಿಗೆ ಬರೆದುಕೊಟ್ಟಿದ್ದರೆ ಮಾತ್ರ ಮೊದಲ ಸಲವೇ ಪೋಷಕರನ್ನು ಕರೆಸಿ. ಇಡೀ ಕ್ಲಾಸೇ ಒಂದೇ ಕಡೆಯಿಂದ ಇಳಿಸಿದ್ದರೆ ಯಾರನ್ನೂ ಕರೆಯಬೇಡಿ, ಪ್ರಶ್ನೆ ಬದಲಿಸಿ.

ಮಾಡಬಾರದ್ದು: ಹೊಡೆಯೋದು, ಪ್ರಾರ್ಥನೆಯಲ್ಲಿ ಹೆಸರು ಕೂಗೋದು, ಪುಸ್ತಕ ಹರಿದು ಎಸೆಯೋದು, ನೂರು ಸಲ 'ಕಾಪಿ ಮಾಡುವುದಿಲ್ಲ' ಅಂತ ಬರೆಸೋದು. (ಆ ಕೊನೆಯದು ಕಾಪಿ ಮಾಡಿದ್ದಕ್ಕೆ ಕಾಪಿ ಮಾಡಿಸೋ ಶಿಕ್ಷೆ.) 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆ ಕಾಯ್ದೆಯ ವಯಸ್ಸಿನ ಲೆಕ್ಕ 14ಕ್ಕೆ ನಿಲ್ಲುತ್ತೆ ಅಂತ ಹತ್ತನೇ ಕ್ಲಾಸಿನವನಿಗೆ ಬೇರೆ ನ್ಯಾಯ ಮಾಡಬೇಡಿ.

ಹೆಜ್ಜೆ 8: ಅಪ್ಪ ಅಮ್ಮನ ಜೊತೆ

'ಸಾ, ನಮ್ ಐಕ್ಳು ಅಂಥೋರಲ್ಲ' ಅಂತಲೇ ಮಾತು ಶುರುವಾಗುತ್ತೆ. ವಾದಕ್ಕೆ ಇಳಿಯಬೇಡಿ. ಎರಡೂ ಬರಹ ಪಕ್ಕ ಪಕ್ಕ ಇಟ್ಟು ತೋರಿಸಿ. ಓದು ಬಾರದವರಾದರೆ ಎರಡು ಸಾಲು ಓದಿ ಹೇಳಿ, ಅವರಿಗೆ ಅವಮಾನ ಆಗದ ಹಾಗೆ. ಇನ್ನು ಕೆಲವು ಮನೆಗಳಲ್ಲಿ ಪ್ರಾಜೆಕ್ಟ್ ಬರೆಯೋದು ಅಮ್ಮನ ಕೆಲಸವೇ ಆಗಿಹೋಗಿದೆ. ಮೈಸೂರಿನ ಖಾಸಗಿ ಶಾಲೆಯಲ್ಲಿರುವ ನನ್ನ ಗೆಳೆಯರೊಬ್ಬರು ಹೇಳುತ್ತಿರುತ್ತಾರೆ, ಥರ್ಮೋಕೋಲಿನ ಅರಮನೆ ತಂದ ದಿನ ಮಗುವಿನ ಬೆರಳು ನೋಡಬೇಕಂತೆ, ಅಂಟು ಮೆತ್ತಿದೆಯೋ ಇಲ್ಲವೋ ಅಂತ. ಅಂಥ ತಾಯಂದಿರಿಗೆ ಹೇಳಬೇಕಾದ್ದು ಇಷ್ಟೇ: 'ನೀವು ಕೇಳಿ ಅಮ್ಮ, ಕಥೆ ಹೇಳಿ, ಸಾಮಾನು ತಂದುಕೊಡಿ. ಪೆನ್ನು ಮಾತ್ರ ಅವಳ ಕೈಲಿರಲಿ. ಸೊಟ್ಟಗಿದ್ರೂ ಅಂಕ ಕೊಡ್ತೀವಿ.' ಆಮೇಲೆ ನಿಜವಾಗಲೂ ಕೊಡಿ.

ಕಾಲೇಜಿಗೆ ಹೋಗುವವರಿಗೆ ಒಂದು ಮಾತು

ಹತ್ತನೇ ತರಗತಿಯ ಕೊನೆಯಲ್ಲಿ ಮಕ್ಕಳಿಗೆ ಮುಂದಿನ ಲೆಕ್ಕವನ್ನೂ ಹೇಳಿ ಕಳಿಸಿ. ಉನ್ನತ ಶಿಕ್ಷಣದಲ್ಲಿ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಗಳಿವೆ. ಪ್ರಬಂಧ, ಮಹಾಪ್ರಬಂಧಗಳಲ್ಲಿ ಬೇರೆಯವರ ಬರಹದ ಜೊತೆ ಸಾಮ್ಯತೆ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40 ಆದರೆ ತಿದ್ದಿ ಮತ್ತೆ ಕೊಡಬೇಕು, ಅದಕ್ಕೆ ಗಡುವು ಹೆಚ್ಚೆಂದರೆ 6 ತಿಂಗಳು. 40ರಿಂದ 60 ಆದರೆ ಒಂದು ವರ್ಷ ತಿದ್ದಿದ್ದನ್ನು ಕೊಡುವ ಹಾಗೇ ಇಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆಕರ ಹೇಳಿ ಉಲ್ಲೇಖಿಸಿದ್ದು, ಎಲ್ಲರಿಗೂ ಗೊತ್ತಿರುವ ಮಾತಿನ 14 ಪದಗಳವರೆಗಿನ ಸಾಲು ಲೆಕ್ಕಕ್ಕೆ ಬರಲ್ಲ. ಈ ಶೇಕಡಾವಾರು ಶಾಲೆಗಳಿಗೆ ಅನ್ವಯಿಸಲ್ಲ, ಅನ್ವಯಿಸಲೂಬಾರದು. ಮುಂದೊಂದು ದಿನ ಇದಕ್ಕೆ ಬೆಲೆ ತೆರಬೇಕಾಗುತ್ತೆ ಅಂತ ಹದಿನೈದು ವರ್ಷದವರಿಗೆ ಗೊತ್ತಿರಲಿ ಅಂತ ಹೇಳಿದೆ.

ಹೆಜ್ಜೆ 9: ದಾಖಲೆ

ಎರಡನೇ ಸಲದಿಂದ ಆದದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ: ದಿನಾಂಕ, ವಿಷಯ, ಮಗು ಹೇಳಿದ ಕಾರಣ, ನೀವು ಮಾಡಿದ್ದು. ಮೊದಲ ಸಲದ್ದನ್ನು ಬರೆಯಲೇಬೇಡಿ, ನೆನಪಿಟ್ಟುಕೊಂಡರೆ ಸಾಕು. ಪುಸ್ತಕ ಮುಖ್ಯ ಶಿಕ್ಷಕರ ಬೀರುವಿನಲ್ಲಿರಲಿ, ಸ್ಟಾಫ್ ರೂಮಿನ ಮೇಜಿನ ಮೇಲೆ ಬೇಡ. ಅದರಲ್ಲಿರುವ ಯಾವ ಮಾತೂ ಟಿ.ಸಿ.ಗೂ ನಡತೆ ಪ್ರಮಾಣಪತ್ರಕ್ಕೂ ಬರಕೂಡದು. ಮಗು ಹತ್ತನೇ ತರಗತಿ ಮುಗಿಸಿ ಟಿ.ಸಿ. ತಗೊಂಡು ಹೋದ ದಿನ ಆ ಹಾಳೆ ಹರಿದು ಹಾಕಿ.